ಫಕ್ಕೀರಪ್ಪನ ಅಂಜಿಕೆ

ನಿನ್ನೆ ಗದಗಿನಿಂದ ರಫೀಕನ ಕಾದಂಬರಿಯ ಎರಡನೆಯ ಮುದ್ರಣ ಬಂತು. ಇನ್ನೂ ಮಸಿಯ, ಅಂಟಿನ ವಾಸನೆ. ಹೊಸ ಪುಸ್ತಕವನ್ನು ಓದುವ ಮೊದಲು ಮೂಸಿ ನೋಡುವ ಚಟ ನನ್ನದು, ನಿಮಗೂ ಇದ್ದೀತು.

ರಫೀಕ ನನ್ನ ಲಕ್ಷ್ಮೇಶ್ವರದ ಗೆಳೆಯ, ಪತ್ರಿಕೆಯ ವರದಿಗಾರ. ಗಡಿಯಲ್ಲಿ ಯುದ್ಧ ನಡೆದಾಗ ಅಲ್ಲಿಂದಲೇ ಸುದ್ದಿ ಕಳಿಸಿದ್ದ. ಮರಳಿದ ಮೇಲೆ ಯಾರಾದರೂ ಯುದ್ಧದ ಮಾತೆತ್ತಿದರೆ ಚಹಾ ತರಿಸಿ ಮಾತು ಬದಲಿಸುತ್ತಿದ್ದ. ಎಷ್ಟೋ ವರ್ಷಗಳ ನಂತರ ಈ ಕಾದಂಬರಿ ಬರೆದ. ಅದರಲ್ಲೊಬ್ಬ ಸೈನಿಕ, ಶೆಲ್ ಬಿದ್ದಾಗಲೆಲ್ಲ ವರದಿಗಾರನ ತೋಳು ಹಿಡಿದು ಕೂರುತ್ತಾನೆ; ಕೊನೆಗೆ ಹಾಗೆ ಹಿಡಿದುಕೊಂಡೇ ಸಾಯುತ್ತಾನೆ. ಹೆಸರು ಬದಲಿಸಿದ್ದರೂ ಅವನು ಆ ಯುದ್ಧದಲ್ಲಿ ಮಡಿದ ಹರ್ತಿಯ ಫಕ್ಕೀರಪ್ಪನೆಂದು ಎಲ್ಲರಿಗೂ ತಿಳಿಯಿತು. ಊರಿನಲ್ಲಿ ಅವನ ಪುತ್ಥಳಿಯಿದೆ, ಎದೆಯುಬ್ಬಿಸಿ ನಿಂತದ್ದು. "ನಮ್ಮ ಹುಲಿನ್ನ ಅಂಜುಬುರುಕ ಮಾಡ್ಯಾನ" ಎಂದು ಹಿರಿಯರು ಸಿಟ್ಟಾದರು. ಅಷ್ಟರಲ್ಲಿ ಫಕ್ಕೀರಪ್ಪನ ಹೆಂಡತಿ ಶಾಂತವ್ವ ಫೋನ್ ಮಾಡಿ, "ಒಮ್ಮಿ ಮನಿಗೆ ಬರ್ರಿ" ಎಂದಳು.

ರಫೀಕ ನನ್ನನ್ನೂ ಕರೆದ. ನನ್ನಂಥ ಇತಿಹಾಸದ ಮಾಸ್ತರ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆಂದು ನಾನೇ ಭಾವಿಸಿಕೊಂಡು, ಬಸ್ಸಿನಲ್ಲಿ ಕಾದಂಬರಿಗೂ ಸತ್ಯಕ್ಕೂ ಇರುವ ಸಂಬಂಧದ ಮೇಲೆ ಒಂದು ಭಾಷಣ ಸಿದ್ಧಮಾಡಿದೆ. ಅದು ಇಂದಿಗೂ ಬಳಕೆಯಾಗಿಲ್ಲ.

ಶಾಂತವ್ವ ಚುರುಮರಿ ಕೊಟ್ಟು ಎದುರಿಗೆ ಕುಳಿತಳು. "ಮಗಳು ಪೂರಾ ಓದಿ ಹೇಳ್ಯಾಳ್ರಿ."

"ತಪ್ಪಾಗಿದ್ರ ಮುಂದಿನ ಮುದ್ರಣದಾಗ ಅದನ್ನ ತೆಗೀತೀನಿ ತಂಗಿ," ಎಂದ ರಫೀಕ.

"ತಪ್ಪಲ್ರಿ ಅಣ್ಣಾ. ಗುಡುಗಿದ್ರ ಸಾಕು, ನನ್ನ ಸೆರಗ ಹಿಡಕೊಂಡು ಕುಂಡ್ರತಿದ್ರು. ಊರಾನವರು ಅವರಿಗೆ ಅಂಜಿಕೀನ ಇರಲಿಲ್ಲ ಅಂದಾಗೆಲ್ಲ, ಇವರು ಯಾರ ಸುದ್ದಿ ಹೇಳಾಕತ್ತಾರ ಅನಸ್ತಿತ್ತು. ನಿಮ್ಮ ಪುಸ್ತಕದಾಗ ನಮ್ಮನಿಯವರು ಸಿಕ್ಕರು."

ಚುರುಮರಿಯ ತಟ್ಟೆಯನ್ನು ರಫೀಕನತ್ತ ಸರಿಸಿ ಕೇಳಿದಳು: "ಖರೆ ಹೇಳ್ರಿ. ಕೊನಿಗೂ ನಿಮ್ಮ ತೋಳ ಹಿಡಕೊಂಡಿದ್ರೇನು?"

ಹೂಂ ಎಂದುಬಿಡು ಎಂದು ನಾನು, ಇತಿಹಾಸದ ಮಾಸ್ತರ, ಮನಸ್ಸಿನಲ್ಲೇ ಅಂಗಲಾಚಿದೆ.

"ಇಲ್ಲ ತಂಗಿ," ಎಂದ ರಫೀಕ. "ಅವತ್ತ ಮುಂಜಾನೆ ಪತ್ರಿಕೆಯವರನ್ನೆಲ್ಲ ಕೆಳಗ ಕಳಿಸಿದ್ರು. ಇನ್ನೊಂದೀಟು ಇರ್ರಿ ಅಂತ ಫಕ್ಕೀರಪ್ಪ ಅಂದಿದ್ದ. ನಾ ಇರಲಿಲ್ಲ. ಪುಸ್ತಕದಾಗಷ್ಟ ಇದ್ದೆ."

ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ, "ಅಲ್ಲಾದ್ರೂ ಇದ್ದೀರಲ್ಲ. ಅದನ್ನ ತೆಗೀಬ್ಯಾಡ್ರಿ" ಎಂದಳು.

ಮೊದಲ ಸಲ ಆ ಕಾದಂಬರಿ ಓದಿದಾಗ ಕೊನೆಯ ಅಧ್ಯಾಯದ ಅಂಚಿನಲ್ಲಿ 'ನಡೆದದ್ದೇ?' ಎಂದು ಗೀಚಿದವನು ನಾನು. ಇವತ್ತು ಹೊಸ ಪ್ರತಿಯಲ್ಲಿ ಅದೇ ಅಧ್ಯಾಯವನ್ನು ಮೊದಲು ತೆರೆದೆ. ಪೆನ್ಸಿಲು ಹುಡುಕಲಿಲ್ಲ. ಶೆಲ್‌ಗಳು ಬೀಳುತ್ತಲೇ ಇವೆ. ವರದಿಗಾರ ಎದ್ದು ಹೋಗಿಲ್ಲ.