ಫಾರಂನಲ್ಲಿ ಬರೆಯದ ಮಾತ್ರೆ

ಭಾನುವಾರ ಬೆಳಗಿನ ಕಾಫಿಯಾದ ಮೇಲೆ ನನ್ನ ಹೆಂಡತಿ ವಸುಧಾ ಏಳು ಖಾನೆಗಳ ಪ್ಲಾಸ್ಟಿಕ್ ಡಬ್ಬಿಯನ್ನು ಮುಂದಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನನ್ನ ವಾರದ ಮಾತ್ರೆಗಳನ್ನು ತುಂಬುವುದನ್ನು ನೀವೊಮ್ಮೆ ನೋಡಬೇಕು. ಗೌರಿ ಬಾಗಿನಕ್ಕೆ ಅಣಿಮಾಡುವಷ್ಟೇ ಶ್ರದ್ಧೆ. ಹೋದ ವರ್ಷ ನನ್ನ ಹೃದಯಕ್ಕೆ ಸ್ಟೆಂಟ್ ಹಾಕಿದಂದಿನಿಂದ ಈ ವ್ರತ ನಡೆದಿದೆ. ರಕ್ತ ತೆಳುವಾಗಲು ಒಂದು, ಬಿಪಿಗೆ ಎರಡು, ಕೊಲೆಸ್ಟರಾಲಿಗೆ ಒಂದು. ಐದನೆಯದೊಂದಿತ್ತು, ಅದು ಮಾತ್ರ ನನ್ನ ಚಳಿಗಾಲದ ಕೋಟಿನ ಒಳಜೇಬಿನಲ್ಲಿತ್ತು.

ಮುಚ್ಚುಮರೆಯೇಕೆ ಸ್ವಾಮಿ, ಶೀಘ್ರಸ್ಖಲನಕ್ಕೆ ನುಂಗುವ ಮಾತ್ರೆ ಅದು. ಐವತ್ತನಾಲ್ಕರಲ್ಲೂ ಗಂಡಸಿಗೆ ಈ ಕೊರಗೇ ಎಂದು ನಗಬೇಡಿ, ಇರುತ್ತದೆ. ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ ಸಿಗುವುದಿಲ್ಲವೆಂದು, ಮೈಸೂರಿಗೆ ಹೋದಾಗ ಪರಿಚಯದವರು ಯಾರೂ ಇಲ್ಲದ ಬಡಾವಣೆಯ ಮೆಡಿಕಲ್ ಶಾಪ್ ಹುಡುಕಿ, ಡಾಕ್ಟರ ಚೀಟಿಯಿಲ್ಲದೆ ಕೊಂಡು, ಸಾಂಬಾರ್ ಪುಡಿಯ ಪೊಟ್ಟಣಗಳ ನಡುವೆ ಅಡಗಿಸಿ ತಂದೆ. ನಮ್ಮವರ ಸೂಟ್‌ಕೇಸುಗಳಲ್ಲಿ ಅರ್ಧ ಔಷಧಿ ಅಂಗಡಿಯೇ ಬರುತ್ತದೆ, ಯಾರು ಕೇಳುತ್ತಾರೆ! ತಮಾಷೆಯೆಂದರೆ, ಪ್ರಿನ್ಸ್‌ಟನ್ನಿನ ಬಳಿಯ ಔಷಧ ಕಂಪನಿಯೊಂದರಲ್ಲಿ ನನ್ನ ಉದ್ಯೋಗವೇ ಮಾತ್ರೆ ನುಂಗಿ ತೊಂದರೆಗೊಳಗಾದವರ ವರದಿ ಓದುವುದು. 'ಬೇರೆ ಯಾವ ಔಷಧಿ ಸೇವಿಸುತ್ತೀರಿ' ಎಂಬ ಸಾಲನ್ನು ಖಾಲಿ ಬಿಟ್ಟವರನ್ನು ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲೇ ಬೈಯುತ್ತ ಬಂದವನು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಕಳೆದ ಶನಿವಾರ ಮಧ್ಯಾಹ್ನ ಅದನ್ನು ನುಂಗಿದ್ದೆ. ಹಾಸಿಗೆಯಿಂದೆದ್ದು ಬಾತ್‌ರೂಮಿನ ಬಾಗಿಲವರೆಗೆ ನಡೆದದ್ದು ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಹಣೆಯಲ್ಲಿ ರಕ್ತ, ವಸುಧಾ ಕೆನ್ನೆ ತಟ್ಟಿ ತಟ್ಟಿ ಕೂಗುತ್ತಿದ್ದಳು. ಎಮರ್ಜೆನ್ಸಿಯಲ್ಲಿ ಹೊಲಿಗೆ ಹಾಕಿ, ಇಸಿಜಿ ತೆಗೆದು, ನಿಮ್ಮ ಹೃದಯದ ಡಾಕ್ಟರನ್ನು ಕಾಣಿರೆಂದು ಕಳಿಸಿದರು. ಅಲ್ಲಿನ ಫಾರಂನಲ್ಲಿ ನಾಲ್ಕೇ ಮಾತ್ರೆ ಬರೆದೆ.

ನನ್ನ ಹೃದಯದ ಡಾಕ್ಟರು ಧಾರವಾಡದ ಹೆಣ್ಣುಮಗಳು, ಯುಗಾದಿಯ ಊಟದಲ್ಲಿ ವಸುಧಾಳ ಜೊತೆ ನಿಂತು ಹೋಳಿಗೆ ಬಡಿಸುವವರು. ಅವರೆದುರು ಇದನ್ನು ಹೇಳುವುದಕ್ಕಿಂತ ಸಾಯುವುದೇ ವಾಸಿ ಎಂದುಕೊಂಡಿದ್ದೆ; ಎಂಥ ಅವಿವೇಕವೆಂದು ಈಗ ನಾಚಿಕೆಯಾಗುತ್ತದೆ.

"ಕಾರಣ ಸಿಗಲಿಲ್ಲಂದ್ರ ಎದಿ ಚರ್ಮದ ಕೆಳಗ ಒಂದು ಸಣ್ಣ ಮಾನಿಟರ್ ಇಡಬೇಕಾಗ್ತದ್ರಿ," ಎಂದರು, ನಾವಿಬ್ಬರೂ ಅವರ ಕ್ಲಿನಿಕ್ಕಿಗೆ ಹೋದಾಗ. ನಾನು ಅದಕ್ಕೂ ಒಪ್ಪಿ ತಲೆಯಾಡಿಸಿದೆ!

ಆಗ ವಸುಧಾ ಬಿಕ್ಕಿಬಿಟ್ಟಳು. "ತಪ್ಪು ನಂದೇ ಡಾಕ್ಟ್ರೇ. ಡಬ್ಬಿ ತುಂಬೋವಾಗ ಮಗಳ ಫೋನ್ ಬಂತು. ಬಿಪಿ ಮಾತ್ರೆ ಡಬಲ್ ಹಾಕ್ಬಿಟ್ಟೆ ಅನ್ಸತ್ತೆ."

ಮಾನವೆಂಬುದನ್ನು ನಾವು ಎಷ್ಟು ಜೋಪಾನ ಮಾಡುತ್ತೇವೆ, ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತಿದೆಯೆಂದು ಮಾತ್ರ ನೋಡುವುದಿಲ್ಲ. ನನ್ನದು ಉಳಿಯಲೆಂದು ಈ ಹೆಂಗಸು ಬದುಕಿರುವವರೆಗೂ ಗಂಡನನ್ನು ಕೊಲ್ಲಹೊರಟಿದ್ದೆನೆಂದು ಕೊರಗಬೇಕೇ? ತಪ್ಪು ಅವಳದಲ್ಲ ಎಂದೆ. ಮಾತ್ರೆಯ ಹೆಸರು ಹೇಳಿದೆ, ಯಾತಕ್ಕೆ ಎಂದೂ ಹೇಳಿದೆ.

ಡಾಕ್ಟರು ಹುಬ್ಬು ಕೂಡ ಏರಿಸಲಿಲ್ಲ. ಊಟಕ್ಕೆ ಉಪ್ಪೆಷ್ಟು ಎಂದು ಕೇಳುವ ದನಿಯಲ್ಲೇ, "ಹಾರ್ಟ್ ತ್ರಾಸ ಇದ್ದವ್ರು ಇದನ್ನ ತಗೋಬಾರದ್ರಿ. ಎದ್ದು ನಿಂತಾಗ ಬಿಪಿ ಧಡಕ್ಕನ ಇಳದು ಎಚ್ಚರ ತಪ್ಪತದ. ನೀವು ಬಿಪಿ ಗುಳಿಗಿ ಬ್ಯಾರೆ ತಗೋತೀರಿ. ಇವತ್ತಿಂದ ಬಂದ್ ಮಾಡ್ರಿ. ಆದ್ರೂ ಒಂದೆರಡು ಟೆಸ್ಟ್ ಮಾಡೂಣು. ನಿಮ್ಮ ಆ ತ್ರಾಸಕ್ಕ ಬ್ಯಾರೆ ದಾರಿ ಅದಾವ. ಕೇಳಲಿಕ್ಕೆ ನಾಚಿಕಿ ಯಾಕ?" ಎಂದು ಟೈಪ್ ಮಾಡತೊಡಗಿದರು. ಇಷ್ಟೇನಾ, ಎನ್ನಿಸಿತು ನನಗೆ.

ಪಾರ್ಕಿಂಗ್ ಲಾಟ್‌ನಲ್ಲಿ ವಸುಧಾಳೇ ಡ್ರೈವ್ ಮಾಡಲು ಕೂತಳು, ಆದರೆ ಕಾರು ಸ್ಟಾರ್ಟ್ ಮಾಡಲಿಲ್ಲ.

"ಇಷ್ಟು ವರ್ಷದಲ್ಲಿ ನಾನು ಆ ವಿಷಯಕ್ಕೆ ಒಂದು ಸಲನಾದ್ರೂ ಏನಾದ್ರೂ ಅಂದಿದ್ದೀನೇನ್ರೀ?"

"ಇಲ್ಲ."

"ನೀವು ಮಾತಾಡದೆ ನೆಲದ ಮೇಲೆ ಬಿದ್ದಿದ್ರಲ್ಲ, ಹೆಚ್ಚೆಂದ್ರೆ ಒಂದು ನಿಮಿಷ ಇರಬಹುದು ಅಂದ್ರು ಎಮರ್ಜೆನ್ಸಿಯೋರು. ನನಗೆ ಆ ನಿಮಿಷ ಇನ್ನೂ ಮುಗಿದಿಲ್ಲ ಕಣ್ರೀ."