ಜುಂಜಣ್ಣ ಬರೆದ ಒಂಟಿ ಹಾವು

ಟಪ್! ನೀಲಿ ಪುಡಿ ಸವರಿದ ದಾರವನ್ನು ಬೋರ್ಡಿನ ಎರಡು ತುದಿಗೂ ಬಿಗಿದು, ನಡುವೆ ಎರಡು ಬೆರಳಲ್ಲಿ ಎಳೆದು ಬಿಟ್ಟಾಗ ಬರುತ್ತಿದ್ದ ಸದ್ದು ಅದು. ಬಿಳಿ ಬಳಿದ ತಗಡಿನ ಮೇಲೆ ಕೂದಲೆಳೆಯಂಥ ನೀಲಿ ಗೆರೆ ಮೂಡುತ್ತಿತ್ತು. ಅಕ್ಷರಗಳು ಅದರ ಮೇಲೆ ಸಾಲಾಗಿ ಬಂದು ಕೂರಬೇಕು. ಪೇಂಟರ್ ಜುಂಜಣ್ಣ ಬಂದಿದ್ದಾರೆ ಎಂದು ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗುತ್ತಿದ್ದದ್ದು ಆ ಸದ್ದಿನಿಂದಲೇ.

ಮಧುಗಿರಿಯಲ್ಲಿ ನನ್ನ ಗಂಡನದು ಕ್ಲಿನಿಕ್ಕು. ಮುಂದೆ ಕ್ಲಿನಿಕ್ಕು, ಹಿಂದೆ ಮನೆ, ಮನೆಯ ಬೆನ್ನಿಗೇ ಬೋಳು ಬೆಟ್ಟ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸ್ಪೆಲ್ಲಿಂಗ್ ತಪ್ಪಿದ ಬೋರ್ಡು ಕಂಡರೆ ರಸ್ತೆಯಲ್ಲೇ ನಿಂತು ನಗುವ ಕೆಟ್ಟ ಚಾಳಿ ನನಗಿತ್ತು. ಜುಂಜಣ್ಣನ ಬೋರ್ಡುಗಳಲ್ಲಿ ಮಾತ್ರ ನಗಲು ಏನೂ ಸಿಗುತ್ತಿರಲಿಲ್ಲ. ಹೇಗಪ್ಪ ಎಂದು ಕೇಳಿದರೆ, “ಇಂಗ್ಲೀಸು ನಂಗೆ ಓದಕ್ಕೆ ಬರಲ್ಲ ಅಮ್ಮೋರೆ, ಅದ್ಕೇ ತಪ್ಪಾಗಲ್ಲ. ಓದಕ್ಕೆ ಬರೋರು ತಲೇಲಿರೋದ್ನ ಬರೀತಾರೆ. ನಾನು ಚೀಟೀಲಿರೋದ್ನ ಬರೀತೀನಿ” ಎನ್ನುತ್ತಿದ್ದರು.

ಶಿರಾ ಕಡೆ, ಹುಲಿಕುಂಟೆ ಹತ್ತಿರದ ಹಟ್ಟಿಯವರು. ಕುರಿ ಕಾಯುವ ಮನೆತನ. ಮೇಕೆಯ ಕೂದಲಿನಿಂದ ಬ್ರಷ್ಷುಗಳನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಕೆಲಸ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು, ತಲೆ ಓರೆ ಮಾಡಿ ನೋಡಿ, ಮತ್ತೆ ಹತ್ತಿರ ಹೋಗಿ ಬಲತುದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಜುಂಜಣ್ಣ ಆರ್ಟ್ಸ್’ ಎಂದು ಬರೆಯುತ್ತಿದ್ದರು. ಅದನ್ನು ಬರೆಯುವಾಗ ಮಾತ್ರ ಉಸಿರು ಬಿಗಿಹಿಡಿಯುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

ಕ್ಲಿನಿಕ್ಕಿಗೆ ಹೊಸ ಬೋರ್ಡು ಮಾಡಿಸಿದಾಗ, “ಹೆಸರಿನ ಪಕ್ಕ ಮೆಡಿಕಲ್ ಸಿಂಬಲ್ ಹಾಕಪ್ಪ, ಹಾವು, ಕೋಲು” ಎಂದಷ್ಟೇ ಹೇಳಿ ಒಳಗೆ ಹೋಗಿದ್ದೆ. ಹೊರಗೆ ಬಂದು ನೋಡಿದರೆ ಒಂದು ಒರಟು ಕೋಲು, ಅದಕ್ಕೆ ಸಡಿಲವಾಗಿ ಸುತ್ತಿಕೊಂಡ ದಾರದಂಥ ಸಣ್ಣ ಹಾವು. ಹೆಡೆಯೂ ಇಲ್ಲ.

“ಏನಪ್ಪ ಇದು, ಹಾವೋ ಹುಳಾನೋ?” ಎಂದೆ.

ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ರೋಗಿಗಳು ಕೂತಿದ್ದರು. ಎಲ್ಲರೂ ನಕ್ಕರು. ನಮ್ಮ ಕಾಂಪೌಂಡರು ಎಲ್ಲರಿಗಿಂತ ಜೋರಾಗಿ ನಕ್ಕ.

ಜುಂಜಣ್ಣ ಪಂಚೆ ಸರಿಸಿ ಎಡ ಮೀನಖಂಡದ ಮೇಲಿದ್ದ ಗುಳಿಬಿದ್ದ ಕಲೆ ತೋರಿಸಿದರು. “ಹುಳಾನೇ ಕಣಮ್ಮ. ಚಿಕ್ಕೋನಿದ್ದಾಗ ಮೆಟ್ಲು ಬಾವಿ ನೀರು ಕುಡ್ದು ನಾರುಹುಣ್ಣಾಗಿತ್ತು. ದಾರದಂಗೆ ಹುಳ ಹೊರಕ್ಕೆ ಇಣುಕ್ತಿತ್ತು. ಪಾವಗಡದ ತಾವ ಒಬ್ಬಳು ತೆಲುಗು ಅಜ್ಜಿ ಅದನ್ನ ಕಡ್ಡೀಗೆ ಸುತ್ತಿ, ದಿನಕ್ಕೊಂದು ಸುತ್ತು ಎಳೆಯೋಳು. ಜೋರಾಗಿ ಎಳುದ್ರೆ ಕಿತ್ತೋಯ್ತದೆ, ಕಾಲೇ ಹೋಯ್ತದೆ. ‘ಕದಲೊದ್ದು ನಾಯನಾ’ ಅನ್ನೋಳು, ಅಲ್ಲಾಡಬ್ಯಾಡ ಮಗ ಅಂತ. ವೈದ್ಯ ಅಂದ್ರೆ ನಂಗೆ ಆ ಕಡ್ಡೀನೇ ಕಣಮ್ಮ.”

ನನಗೆ ಅಸಹ್ಯವಾಯಿತು. ಡಾಕ್ಟರ ಬೋರ್ಡಿನ ಮೇಲೆ ನಾರುಹುಣ್ಣೇ? ಔಷಧಿ ಕಂಪನಿಯವರು ಕೊಟ್ಟಿದ್ದ ಡೈರಿ ತಂದು ಮುಂದೆ ಹಿಡಿದೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಹೆಣೆದುಕೊಂಡ ಎರಡು ಹಾವು, ಮೇಲೆ ಜೋಡಿ ರೆಕ್ಕೆ. “ನೋಡು, ಇಂಟರ್‌ನ್ಯಾಷನಲ್ ಸಿಂಬಲ್ ಇದು. ನಿನ್ನ ಹುಳ ಅಳಿಸಿ ಇದನ್ನ ಬರಿ.”

“ಜೋಡಿ ಹಾವು ಬ್ಯಾಡ ಅಮ್ಮೋರೆ. ಅದು ಅರಳಿಕಟ್ಟೆ ನಾಗರಕಲ್ಲಿಗೆ ಸರಿ. ಮಕ್ಳು ಬೇಕು ಅಂತ ಹೆಂಗಸ್ರು ಪೂಜೆ ಮಾಡೋ ಹಾವು ಅದು.”

“ನನಗೆ ಹೇಳಿಕೊಡ್ತೀಯಾ ನೀನು?”

ಅವರು ತಾವು ಬರೆದದ್ದನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಜೋಡಿ ಹಾವು, ರೆಕ್ಕೆ, ಎಲ್ಲವನ್ನೂ ಡೈರಿಯಲ್ಲಿದ್ದ ಹಾಗೇ ಇಳಿಸಿದರು. ಬಲತುದಿಯಲ್ಲಿ ಹೆಸರು ಬರೆಯಲಿಲ್ಲ. ನಾನು ಗಮನಿಸಿದೆ, ಬರೆಯದಿದ್ದರೆ ಬಿಡಲಿ ಎಂದುಕೊಂಡೆ.

ತಿಂಗಳೊಳಗೆ ಬೋರ್ಡಿನ ಹಾವುಗಳಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಹಳ್ಳಿಯ ಹೆಂಗಸರು ಔಷಧಿ ತೆಗೆದುಕೊಂಡು ಹೋಗುವಾಗ ಕೈಮುಗಿದು ಹೋಗುತ್ತಿದ್ದರು. ಒಬ್ಬಾಕೆ ಹಾಲಿನ ಲೋಟವನ್ನೇ ತಂದಿದ್ದಳು. “ಅಯ್ಯೋ, ನಾನು ಬರೀ ಜ್ವರ ಕೆಮ್ಮಿನ ಡಾಕ್ಟರು ಅಂತ ಯಾರಾದ್ರೂ ಇವರಿಗೆ ಹೇಳ್ರಪ್ಪ” ಎಂದು ನನ್ನ ಗಂಡ ಗೋಳಾಡಿದರು. ನಾವಿಬ್ಬರೂ ಹೊಟ್ಟೆತುಂಬ ನಕ್ಕೆವು.

ಜುಂಜಣ್ಣನ ಪಾಲಿಗೆ ಮಾತ್ರ ನನ್ನ ಆ ಒಂದು ಮಾತು ಅಂಟಿಕೊಂಡುಬಿಟ್ಟಿತು. ಊರವರಿಗೆ ಅವರು ‘ಹುಳದ ಪೇಂಟರ್’ ಆದರು. ಒಮ್ಮೆ ಟೀ ಅಂಗಡಿಯ ಮುಂದೆ ಯಾರೋ ಕೂಗಿದ್ದು ನನ್ನ ಕಿವಿಗೇ ಬಿತ್ತು: “ಏನ್ಲಾ ಹುಳದ ಜುಂಜ, ಇವತ್ತು ಎಷ್ಟು ಹುಳ ಬರ್ದೆ?” ಅವರು ತಲೆ ತಗ್ಗಿಸಿ ಕಾಲೆಳೆಯುತ್ತಾ ಮುಂದೆ ಹೋದರು. ನಾನು ಅಲ್ಲೇ ಇದ್ದೆ. ‘ಹಾಗೆಲ್ಲ ಅನ್ನಬೇಡಿ’ ಎನ್ನಬಹುದಿತ್ತು. ಅನ್ನಲಿಲ್ಲ. ಬೋರ್ಡು ಬರೆಯಲು ಹೇಳಿದ್ದ ಇನ್ನಿಬ್ಬರು ಡಾಕ್ಟರು ಬೇರೆಯವರಿಗೆ ಕೊಟ್ಟರು. ಸ್ವಲ್ಪ ದಿನಕ್ಕೆ ಜುಂಜಣ್ಣ ಮಧುಗಿರಿಗೆ ಬರುವುದನ್ನೇ ಬಿಟ್ಟರು. ಫ್ಲೆಕ್ಸ್ ಬಂದು ಪೇಂಟರುಗಳನ್ನೆಲ್ಲ ಓಡಿಸಿತು ಎನ್ನುತ್ತಾರೆ. ಜುಂಜಣ್ಣನನ್ನು ಓಡಿಸಿದ್ದು ಫ್ಲೆಕ್ಸ್ ಅಲ್ಲ.

ನನ್ನ ಗಂಡ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಜೋಡಿಸುತ್ತಿದ್ದೆ. ವೈದ್ಯದ ಇತಿಹಾಸದ ಹಳೆಯ ಪುಸ್ತಕವೊಂದು ಸಿಕ್ಕಿತು. ಗ್ರೀಕರ ವೈದ್ಯದೇವರ ಕೋಲಿಗೆ ಇದ್ದದ್ದು ಒಂದೇ ಹಾವು. ರೆಕ್ಕೆಯಿರುವ ಜೋಡಿ ಹಾವಿನ ಕೋಲು ಬೇರೆ ದೇವರದು. ಸುದ್ದಿ ಒಯ್ಯುವವನು, ವ್ಯಾಪಾರಿಗಳನ್ನೂ ಕಳ್ಳರನ್ನೂ ಕಾಯುವವನು. ಅಮೆರಿಕದಲ್ಲಿ ಯಾರೋ ಗೊಂದಲ ಮಾಡಿಕೊಂಡು ಅದನ್ನು ವೈದ್ಯಕ್ಕೆ ಅಂಟಿಸಿದರಂತೆ. ಅದರ ಕೆಳಗೇ ಇನ್ನೊಂದು ಮಾತು: ಮೊದಲು ಆ ಒಂಟಿ ಹಾವು ಹಾವೇ ಅಲ್ಲದಿರಬಹುದು, ಕಾಲಿನಿಂದ ಕಡ್ಡಿಗೆ ಸುತ್ತಿ ತೆಗೆಯುತ್ತಿದ್ದ ಹುಳವಿರಬಹುದು ಎಂದು ಕೆಲವರ ಅಭಿಪ್ರಾಯ. ಪುಸ್ತಕ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಮೈ ಗಾಡ್, ಆ ಮನುಷ್ಯ ಕಾಲು ತೋರಿಸಿ ಹೇಳಿದ್ದರಲ್ಲ!

ಹೋದ ವರ್ಷ ಶಿರಾ ಬಸ್ ಸ್ಟ್ಯಾಂಡಿನಲ್ಲಿ ಅವರು ಕಂಡರು. ನಡಿಗೆಯಿಂದಲೇ ಗುರುತು ಹಿಡಿದು ಓಡಿಹೋದೆ. ಈ ವಯಸ್ಸಿನಲ್ಲಿ ಎಷ್ಟು ಓಡಲು ಸಾಧ್ಯವೋ ಅಷ್ಟು.

“ಜುಂಜಣ್ಣ, ನೀವು ಬರೆದದ್ದೇ ಸರಿ ಇತ್ತು. ಪುಸ್ತಕದಲ್ಲಿದೆ. ಐ ಆಮ್ ಸೋ ಸಾರಿ.”

“ಬುಕ್ಕಾಗೆ ಐತಾ? ನಮ್ಮಜ್ಜಿ ಕಡ್ಡಿ?” ಹಲ್ಲಿಲ್ಲದ ಬಾಯಿ ಅಗಲವಾಯಿತು. ಆಮೇಲೆ ಕೇಳಿದರು, “ಡಾಕ್ಟ್ರು ಹೆಂಗವ್ರೆ?”

“ಹೋಗಿಬಿಟ್ಟರು.”

“ಆ ಕಾಂಪೌಂಡ್ರು?”

“ಅವನೂ ಹೋದ.”

ಜುಂಜಣ್ಣ ತಲೆ ಓರೆ ಮಾಡಿ ನನ್ನನ್ನು ನೋಡಿದರು. “ಬೆಂಚಿನ ತುಂಬ ಜನ ಕುಂತಿದ್ದಾಗ ಹುಳ ಅಂದ್ರಿ ಅಮ್ಮೋರೆ. ಇವತ್ತು ಸರಿ ಅಂದಿದ್ದು ಕೇಳಿಸ್ಕಳಕ್ಕೆ ನಾನೊಬ್ನೇ ಇವ್ನಿ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಷರವೊಂದು ಸಾಲು ತಪ್ಪಿದೆ ಎಂದು ತೋರಿಸುವವರ ಹಾಗೆ ಹೇಳಿದರು, ಅಷ್ಟೇ.

ಬಸ್ಸು ಬಂತು. ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಕೈಯಿಂದ ಎತ್ತಿಕೊಂಡು ಹತ್ತಿದರು. ಸ್ಟ್ಯಾಂಡಿನ ತುಂಬ ಜನ. ಅವರಲ್ಲಿ ಒಬ್ಬರಿಗೂ ಅವರು ಯಾರೆಂದು ಗೊತ್ತಿಲ್ಲ, ನಾನು ಯಾರೆಂದೂ ಗೊತ್ತಿಲ್ಲ. ಬಸ್ಸು ತಿರುವು ದಾಟುವವರೆಗೆ ನೋಡುತ್ತಾ ನಿಂತಿದ್ದೆ. ಜುಂಜಣ್ಣನನ್ನು ನಾನು ಕಂಡದ್ದು ಅದೇ ಕೊನೆ.