ಬೀದಿ ದೀಪದ ಠರಾವು

ಹೋದ ವಾರ ಮೂವತ್ತೊಂದು ಜನ ಸಹಿ ಹಾಕಿದ್ದ ಠರಾವೊಂದನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸಿಕೊಂಡು ಬಂದೆ. ಸಹಿ ಹಾಕಿದವರೆಲ್ಲ ಎಂಟನೇ ತರಗತಿಯ ಮಕ್ಕಳು. ಜೇಬಿಗಿಳಿಸಿದವನು ಪೌರನೀತಿಯ ಮೇಷ್ಟ್ರು.

ಮೇಷ್ಟ್ರುಗಳಿಗೇ ಮೇಷ್ಟ್ರು ಅನ್ನಿ. ಈ ಅಂಕಣ ಓದುವವರಿಗೆ ಗೊತ್ತು, ನನ್ನ ಹೊಟ್ಟೆಪಾಡು ದೊಡ್ಡಬಳ್ಳಾಪುರದ ಕಡೆಯ ಒಂದು ಬಿ.ಎಡ್. ಕಾಲೇಜಿನಲ್ಲಿ. ನಾಳೆ ಸಮಾಜ ವಿಜ್ಞಾನ ಕಲಿಸುವವರಿಗೆ ಇವತ್ತು ಕಲಿಸುವುದು ಹೇಗೆಂದು ಹೇಳಿಕೊಡುತ್ತೇನೆ. ಅವರು ಹಳ್ಳಿ ಶಾಲೆಗಳಲ್ಲಿ ಪ್ರಾಕ್ಟೀಸ್ ಟೀಚಿಂಗ್ ಮಾಡುವಾಗ ಕೊನೆಯ ಬೆಂಚಿನಲ್ಲಿ ಕೂತು ಅಂಕ ಹಾಕುತ್ತೇನೆ. (ಆ ಬೆಂಚು ಮಕ್ಕಳ ಅಳತೆಯದು. ನನ್ನ ಮಂಡಿ ಗದ್ದಕ್ಕೆ ತಾಗುತ್ತದೆ. ಗಾಂಭೀರ್ಯ ಮಾತ್ರ ಬಿಡುವುದಿಲ್ಲ.)

ಈ ಸಲ ಸಿಕ್ಕಿದ್ದು ನಮ್ಮ ತಾಲ್ಲೂಕಿನ ಮಧುರೆ ದಾಟಿ ಒಳಗೆ ಹೋದರೆ ಸಿಗುವ ಒಂದು ಸರ್ಕಾರಿ ಪ್ರೌಢಶಾಲೆ. ಹೆಸರು ಬೇಡ. ಪಾಠ ಮಾಡಬೇಕಾದವಳು ನನ್ನ ವಿದ್ಯಾರ್ಥಿನಿ ಭಾಗ್ಯ. ಮನೆಯಲ್ಲಿ ಪವರ್‌ಲೂಮ್, ಹುಟ್ಟಿದಾಗಿನಿಂದ ಮಗ್ಗದ ಸದ್ದನ್ನು ಮೀರಿಸಿ ಮಾತಾಡಿ ಬೆಳೆದವಳು. ಹಾಗಾಗಿ ದನಿ ಜೋರು. ಪಾಠದ ವಿಷಯ ಗ್ರಾಮಸಭೆ.

ನಮ್ಮಲ್ಲೊಂದು ಪದ್ಧತಿ ಇದೆ. ಹಿಂದಿನ ದಿನವೇ ಪಾಠಯೋಜನೆ ಬರೆದು ನನ್ನ ಸಹಿ ಪಡೆಯಬೇಕು. ಒಂದು ಕಾಲಂನಲ್ಲಿ ಶಿಕ್ಷಕಿ ಕೇಳುವ ಪ್ರಶ್ನೆ, ಪಕ್ಕದ ಕಾಲಂನಲ್ಲಿ ಮಕ್ಕಳು ಕೊಡುವ ಉತ್ತರ. ಹೌದು, ಮಕ್ಕಳು ಬಾಯಿ ಬಿಡುವ ಮೊದಲೇ ಅವರ ಉತ್ತರದ ಕೆಳಗೆ ನನ್ನ ಸಹಿ ಬಿದ್ದಿರುತ್ತದೆ! ಇಷ್ಟು ವರ್ಷ ಇದು ನನಗೆ ವಿಚಿತ್ರ ಅನ್ನಿಸಿಯೇ ಇರಲಿಲ್ಲ.

ಭಾಗ್ಯ ಬರೆದಿದ್ದಳು: ಮಕ್ಕಳಿಂದ ಅಣಕು ಗ್ರಾಮಸಭೆ, ಮಕ್ಕಳೇ ಚರ್ಚಿಸಿ ಒಂದು ಸಮಸ್ಯೆಯನ್ನು ಆರಿಸುವರು. ಪಕ್ಕದಲ್ಲಿ ಫಲಿತಾಂಶ: ಬೀದಿ ದೀಪ ಹಾಕಿಸಲು ಠರಾವು. ನಾನು ‘ಉತ್ತಮ’ ಎಂದು ಗೀಚಿ ಸಹಿ ಮಾಡಿದೆ.

ಸಭೆ ಚೆನ್ನಾಗಿಯೇ ಶುರುವಾಯಿತು. ರಕ್ಷಿತಾ ಎಂಬ ಹುಡುಗಿ ಅಧ್ಯಕ್ಷೆ. ಮೇಜಿನ ಹಿಂದೆ ಕೂತು ಒಮ್ಮೆ ಕೆಮ್ಮಿ ಗತ್ತಿನಿಂದ ನೋಡಿದಳು. ಸಮಸ್ಯೆ ಹೇಳಿ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಭಾಗ್ಯ, “ಬೀದಿ ದೀಪ?” ಎಂದು ಸುಳಿವು ಕೊಟ್ಟಳು.

“ದೀಪ ಎಲ್ಲಾ ಉರೀತವೆ ಮಿಸ್,” ಎಂದಳು ಅಧ್ಯಕ್ಷೆ. “ನಮ್ ಟಾಯ್ಲೆಟ್‌ಗೇ ಬೀಗ ಹಾಕವ್ರೆ.”

ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಒಬ್ಬಳು ಎದ್ದು ನಿಂತಳು. ಮತ್ತೊಬ್ಬಳು ಎದ್ದಳು. ಹುಡುಗಿಯರ ಶೌಚಾಲಯದ ಬೀಗದ ಕೈ ಹೆಡ್‌ಮಾಸ್ಟರ್ ರೂಮಿನಲ್ಲಿರುತ್ತದಂತೆ. ಆಫೀಸರ್‌ಗಳು ಬಂದ ದಿನ ಮಾತ್ರ ಬಾಗಿಲು ತೆಗೆಯುತ್ತಾರಂತೆ.

“ಅದ್ಕೇ ಬೆಳಗ್ಗೆಯಿಂದ ನಾವ್ ನೀರೇ ಕುಡಿಯಲ್ಲ ಮಿಸ್,” ಎಂದಳು ಮೂಲೆಯಲ್ಲಿದ್ದ ಒಬ್ಬಳು.

ನಗು ನಿಂತುಹೋಯಿತು. ಹುಡುಗರೂ ಕೈ ಎತ್ತಿದರು. ನೋಟ್‌ಬುಕ್ಕಿನ ಹಾಳೆ ಹರಿದು ಠರಾವು ಬರೆದರು. ಒಬ್ಬೊಬ್ಬರೇ ಬಂದು ಸಹಿ ಹಾಕಿದರು, ಜೀವನದಲ್ಲಿ ಮೊದಲ ಸಲವೋ ಏನೋ, ಅಕ್ಷರ ತಿದ್ದಿದಂತೆ ನಿಧಾನವಾಗಿ.

ನನ್ನ ಕಣ್ಣೆದುರಿಗೆ ಗ್ರಾಮಸಭೆ ನಡೆದಿತ್ತು. ನಾನು ಏನು ಮಾಡಿದೆ ಗೊತ್ತೇ? ವೀಕ್ಷಣಾ ಪುಸ್ತಕ ತೆರೆದು ‘ಪಾಠಯೋಜನೆ ಪಾಲಿಸಿಲ್ಲ’ ಎಂದು ಬರೆದೆ.

ಬೆಲ್ ಆಯಿತು. ಅಧ್ಯಕ್ಷೆ ಸೀದಾ ಹೋಗಿ ಠರಾವನ್ನು ಹೆಡ್‌ಮಾಸ್ಟರ್ ಮೇಜಿನ ಮೇಲಿಟ್ಟಳು. ಐದು ನಿಮಿಷಕ್ಕೆ ನನಗೆ ಬುಲಾವ್.

“ಏನ್ ಸಾರ್ ಇದು? ನಿಮ್ಮ ಹುಡುಗಿ ಬಂದಿರೋದು ಪಾಠ ಮಾಡಕ್ಕಾ, ಸ್ಟ್ರೈಕ್ ಮಾಡ್ಸಕ್ಕಾ?” ಮನುಷ್ಯ ಕೆಟ್ಟವರೇನಲ್ಲ, ಬೆವರುತ್ತಿದ್ದರು. “ನೀರಿಲ್ಲ, ಕ್ಲೀನ್ ಮಾಡೋಕೆ ಜನ ಇಲ್ಲ. ತೆಗೆದ್ರೆ ಎರಡೇ ದಿನಕ್ಕೆ ಗಬ್ಬೆದ್ದೋಗುತ್ತೆ. ಈ ಚೀಟಿ ಶಾಲಾ ಸಮಿತಿ ಅಧ್ಯಕ್ಷರ ಕೈಗೆ ಸಿಕ್ರೆ ನನ್ನ ಗತಿ ಏನು? ಹಿಂಗಾದ್ರೆ ಮುಂದಿನ ವರ್ಷ ನಿಮ್ಮ ಸ್ಟೂಡೆಂಟ್ಸ್‌ಗೆ ಬೇರೆ ಸ್ಕೂಲ್ ನೋಡ್ಕೊಳ್ಳಿ.”

ಅದೇ ಸಮಿತಿಯವರ ಹತ್ತಿರ ಒಟ್ಟಿಗೆ ಹೋಗಿ ನೀರಿನ ವ್ಯವಸ್ಥೆ ಕೇಳೋಣ ಅನ್ನಬಹುದಿತ್ತು. ಹಾಳೆಯನ್ನು ಅವರಿಗೇ ಬಿಟ್ಟು ಬರಬಹುದಿತ್ತು. ನಾನು, “ಸಾರಿ ಸಾರ್, ನಾನ್ ನೋಡ್ಕೋತೀನಿ,” ಎಂದೆ. ಹಾಳೆ ಎತ್ತಿಕೊಂಡೆ. ಪ್ರಾಕ್ಟೀಸಿಗೆ ಇನ್ನೊಂದು ಶಾಲೆ ಹುಡುಕಿ ಪ್ರಿನ್ಸಿಪಾಲರ ಮುಂದೆ ನಿಲ್ಲುವುದು ಯಾರಿಗೆ ಬೇಕು?

ತರಗತಿಗೆ ಹೋಗಿ, “ಇದು ಪಾಠಕ್ಕೋಸ್ಕರ ಮಾಡಿದ್ದು ಅಷ್ಟೇ ಮಕ್ಕಳೇ, ನಿಜವಾದ ಗ್ರಾಮಸಭೆ ಅಲ್ಲ,” ಎಂದು ನಕ್ಕೆ.

“ಬೀಗ ನಿಜ ಅಲ್ವಾ ಸಾರ್?” ಎಂದಳು ರಕ್ಷಿತಾ.

“ಕೂತ್ಕೊಳಮ್ಮ,” ಎಂದೆ.

ಪ್ರಶ್ನೆ ಕೇಳುವ ಮಕ್ಕಳು ಬೇಕು, ಬೇಕು ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಕುಟ್ಟಿದ್ದೇನೆ! ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಹೊಗಳಿದ್ದೀರಿ. ಈಗ ಆ ಹೊಗಳಿಕೆ ನೆನೆದರೆ ಮೈ ಹಿಡಿಯಾಗುತ್ತದೆ.

ವರಾಂಡದಲ್ಲಿ ಭಾಗ್ಯ ನಿಂತಿದ್ದಳು. “ಸಾರ್, ಮಕ್ಕಳು ಅವರ ಅನುಭವದಿಂದ ಮಾತಾಡ್ಬೇಕು ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು?”

“ಅದು ಥಿಯರಿ ಕಣಮ್ಮ. ನಿನ್ನ ಪ್ಲಾನ್‌ನಲ್ಲಿ ಇರೋದು ಬೀದಿ ದೀಪ. ನಾಳೆ ಇದೇ ಪಾಠ ಇನ್ನೊಂದ್ಸಲ ಮಾಡು. ಇಂಟರ್ನಲ್ ಮಾರ್ಕ್ಸ್ ಬೇಕೋ ಬೇಡ್ವೋ?”

ಇದು ನನ್ನ ಬಾಯಿಂದಲೇ ಬಂದ ಮಾತು. ಯಾರ ಒತ್ತಡವೂ ಇರಲಿಲ್ಲ. ಅವಳು ಇನ್ನೂ ಮೇಷ್ಟ್ರಾಗಿಲ್ಲ. ಆಗುವುದು ಹೇಗೆಂದು ನನ್ನನ್ನು ನೋಡಿಯೇ ಕಲಿಯಬೇಕು. ಕಲಿಯಲಿ ಎಂದು ನಾನು ತೋರಿಸಿದ್ದು ಇದನ್ನು. “ಸರಿ ಸಾರ್,” ಎಂದಳು. ಆ ಜೋರು ದನಿಯ ಹುಡುಗಿಯ ಮಾತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಮನೆಗೆ ಬಂದು ಹಾಳೆಯನ್ನು ಬೀರುವಿನಲ್ಲಿಟ್ಟೆ. ಹರಿದು ಹಾಕುವ ಮನಸ್ಸಿಲ್ಲ, ವಾಪಸ್ ಕೊಡುವ ಮುಖವಿಲ್ಲ. ಹೆಂಡತಿ ಏನದು ಎಂದಳು. ಕಾಲೇಜಿನ ಪೇಪರ್ ಎಂದೆ.

ಮರುದಿನ ಪಾಠ ಗಡಿಯಾರದಂತೆ ನಡೆಯಿತು. ಅಧ್ಯಕ್ಷೆ ಕೆಮ್ಮಲಿಲ್ಲ. ಸಮಸ್ಯೆ ಏನೆಂದರೆ ಬೀದಿ ದೀಪ. ಪರಿಹಾರ ಏನೆಂದರೆ ಠರಾವು. ಕಾಲಂನಲ್ಲಿ ಬರೆದಿದ್ದಂತೆಯೇ ಎಲ್ಲವೂ. ಕೊನೆಗೆ ಭಾಗ್ಯ ಪುಸ್ತಕ ಮುಚ್ಚಿ, ಯೋಜನೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದಳು.

“ಬೇರೆ ಏನಾದ್ರೂ ಸಮಸ್ಯೆ ಇದ್ಯಾ ನಿಮ್ಗೆ?”

ಮೂವತ್ತೊಂದು ತಲೆಗಳು ತಿರುಗಿ ಕೊನೆಯ ಬೆಂಚಿನಲ್ಲಿದ್ದ ನನ್ನನ್ನು ನೋಡಿದವು. ಆಮೇಲೆ ಒಟ್ಟಿಗೇ, ರಾಗವಾಗಿ, “ಇಲ್ಲಾ ಮಿಸ್,” ಎಂದವು.

ಭಾಗ್ಯಳಿಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಹಾಕಿದೆ. ಆ ‘ಇಲ್ಲಾ ಮಿಸ್’ ಕಲಿಸಿದ ನನಗೆ ನೀವೆಷ್ಟು ಹಾಕುತ್ತೀರಿ?